ಗಿಡಮೂಲಿಕೆ ಔಷಧದ ಗರ್ಭ ಸುರಕ್ಷತೆ: 421 ಸಾಕಾ, 414 ಬೇಕಾ?

ಮದ್ದು ಗರ್ಭಕ್ಕೆ ಕೆಡುಕೇ ಎಂದು ಇಲಿಗಳಲ್ಲಿ ಪರೀಕ್ಷಿಸಲು ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಕೊಟ್ಟ 421, 414 ಸಂಖ್ಯೆಯ ಈ ಎರಡು ವಿಧಾನಗಳ ನಡುವೆಯೇ ಜಾಸ್ತಿ ಗೊಂದಲ.

421 ಮೊದಲ ಜರಡಿ ಇದ್ದಂತೆ. ಜೋಡಿ ಮಾಡುವ 2 ವಾರ ಮೊದಲೇ ಗಂಡು, ಹೆಣ್ಣು ಎರಡಕ್ಕೂ ಮದ್ದು ಶುರು. ಮರಿ ಹುಟ್ಟಿದ ಮೇಲೂ ತಾಯಿಗೆ ನಿಲ್ಲುವುದಿಲ್ಲ. ಬಸಿರು ಕಟ್ಟುತ್ತದಾ, ಹೆರಿಗೆ ಸರಿಯಾಗುತ್ತದಾ, ಮರಿ ಬದುಕುತ್ತದಾ, ಇಷ್ಟು ತಿಳಿಯುತ್ತದೆ. ಆದರೆ ಊನವಿರುವ ಮರಿಯನ್ನು ತಾಯಿಯೇ ತಿಂದುಬಿಟ್ಟರೆ? ಸಾಕ್ಷಿಯೇ ಮಾಯ, ಅಲ್ವಾ.

414ರಲ್ಲಿ ಗಂಡಿಗೆ ಮದ್ದಿಲ್ಲ, ಫಲವತ್ತತೆಯ ಸುದ್ದಿಯೂ ಇಲ್ಲ. ಗುಂಪಿಗೆ ಸುಮಾರು 20 ಬಸಿರು ಇಲಿಗಳು ಬೇಕು. ಹೆರಿಗೆಗೆ ತುಸು ಮೊದಲು ಗರ್ಭಕೋಶ ತೆರೆದು ಭ್ರೂಣಗಳನ್ನು ಎಣಿಸಿ, ತೂಗುತ್ತಾರೆ. ಅರ್ಧದಷ್ಟಕ್ಕೆ ಅಲಿಜರಿನ್ ಬಣ್ಣ. ಮಾಂಸ ಗಾಜಿನಂತೆ ತಿಳಿಯಾಗಿ, ಮೂಳೆಗಳು ಕೆಂಪಗೆ ಎದ್ದು ಕಾಣುತ್ತವೆ. ಒಂದು ಪಕ್ಕೆಲುಬು ಜಾಸ್ತಿ ಇದ್ದರೂ ಸಿಕ್ಕಿಬೀಳುತ್ತದೆ!

ಮೂಲಿಕೆಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ 421ರಿಂದ ಶುರು ಮಾಡಿ. ಗರ್ಭಿಣಿಯರಿಗೇ ಕೊಡುವ ಮದ್ದಾದರೆ 414 ಬಿಡುವಂತಿಲ್ಲ, ಮೊಲದಲ್ಲೂ ಮಾಡುವುದು ಒಳ್ಳೆಯದು. ಗರ್ಭಿಣಿಯರು ಸೇವಿಸಿ ಮಕ್ಕಳು ಊನವಾಗಿ ಹುಟ್ಟಿದ ಥಾಲಿಡೊಮೈಡ್ ಎಂಬ ಮದ್ದಿನ ಕೆಡುಕು ಮೊಲದಲ್ಲಿ ಕಂಡಷ್ಟು ಇಲಿಯಲ್ಲಿ ಕಾಣಲಿಲ್ಲ. ಯಾವುದನ್ನೇ ಆರಿಸಿದರೂ ಪರೀಕ್ಷೆ ಪೂರ್ತಿ ಒಂದೇ ಬ್ಯಾಚಿನ ಸಾರ ಬಳಸಿ.