ಶ್ರೀಲಂಕಾ ಯುದ್ಧದ ಪಾಠ: ಬೋರ್ಡ್, ನಾಟಕ, ಚೀಟಿ

ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅಧಿಕಾರ ಹಂಚಿಕೆಯ ಪಾಠದಲ್ಲಿ ಬೆಲ್ಜಿಯಂ, ಶ್ರೀಲಂಕಾ ಎರಡೂ ಬರುತ್ತವೆ. ಬೆಲ್ಜಿಯಂ ಬೇಗ ಮುಗಿಯುತ್ತದೆ. ಸಿಂಹಳರು, ತಮಿಳರ ನಡುವಿನ ಜಗಳ ಅಂತರ್ಯುದ್ಧವಾದ ಶ್ರೀಲಂಕಾಕ್ಕೆ ಬಂದರೆ ಮಕ್ಕಳದು ಒಂದೇ ಪ್ರಶ್ನೆ: "ಮಿಸ್, ಒಂದೇ ದೇಶದವರು ಯಾಕೆ ಹೊಡೆದಾಡಿಕೊಂಡ್ರು?" ಬೆಂಗಳೂರಿನ ನಮ್ಮ ಕ್ಲಾಸಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮನೆಮಾತಿನವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಅರ್ಧಂಬರ್ಧ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ಮೂರು ವರ್ಷ ಮೂರು ರೀತಿ ಪಾಠ ಮಾಡಿ ನೋಡಿದೆ.

ಮೊದಲ ವರ್ಷ ಬೋರ್ಡ್. 1948ರಲ್ಲಿ ಸ್ವಾತಂತ್ರ್ಯ, 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾಯ್ದೆ, 1983ರ ಜುಲೈನಲ್ಲಿ ತಮಿಳರ ಮೇಲೆ ದಾಳಿ, 2009ರ ಮೇನಲ್ಲಿ ಯುದ್ಧದ ಕೊನೆ. ಗೆರೆ ಎಳೆದು ಬರೆದರೆ ಒಂದೇ ಪೀರಿಯಡ್ ಸಾಕು. ಟೆಸ್ಟಿನಲ್ಲಿ ಮಾರ್ಕ್ಸೂ ಬಂತು. ಆದರೆ ಪೇಪರ್ ತಿದ್ದುವಾಗ ನೋಡಿದರೆ ಎಲ್ಲರೂ "ಆಮೇಲೆ ಯುದ್ಧ ಆಯಿತು" ಎಂದೇ ಬರೆದಿದ್ದರು. ಮಳೆ ಬಂತು, ಕೆರೆ ತುಂಬಿತು ಅನ್ನುವ ಹಾಗೆ. ಅದು ಯಾರೋ ಮಾಡಿದ ತೀರ್ಮಾನದ ಫಲ ಅನ್ನುವುದು ಒಂದು ಪೇಪರಿನಲ್ಲೂ ಇರಲಿಲ್ಲ.

ಮರುವರ್ಷ ನಾಟಕ ಆಡಿಸಿದೆ. ಎರಡು ಗುಂಪು ಮಾಡಿ ವಾದ ಮಾಡಿ ಅಂದೆ. ಹತ್ತು ನಿಮಿಷ ಚೆನ್ನಾಗಿತ್ತು, ಆಮೇಲೆ ಬರೀ ಕೂಗಾಟ. ಮನೆಯಲ್ಲಿ ತಮಿಳು ಮಾತಾಡುವ ಹುಡುಗನಿಗೆ ಪಕ್ಕದವನು "ನಿಮ್ಮವರು" ಅಂದುಬಿಟ್ಟ. ಹುಡುಗನ ಮುಖ ಚಿಕ್ಕದಾಯಿತು. ಅಲ್ಲಿಗೇ ನಿಲ್ಲಿಸಿದೆ, ತಪ್ಪು ನನ್ನದು. ಅದಕ್ಕಿಂತ ಜಾಸ್ತಿ ಚಿಂತೆ ಹಚ್ಚಿದ್ದು ಇನ್ನೊಂದು: ಸಿಟ್ಟು ಬಂತು, ಅದಕ್ಕೇ ಯುದ್ಧ ಆಯಿತು ಅಂತ ಮಕ್ಕಳು ತಿಳಿದುಕೊಂಡರು. ಸಿಟ್ಟು ಎಲ್ಲ ದೇಶದಲ್ಲೂ ಇದೆ, ಅಲ್ವಾ? ಈ ಪಾಠಕ್ಕೆ ನಾಟಕವನ್ನು ನಾನು ಮತ್ತೆ ಮುಟ್ಟುವುದಿಲ್ಲ.

ಮೂರನೆಯದು ಚೀಟಿ. ಒಂದು ಚೀಟಿಯಲ್ಲಿ ಒಂದೇ ಘಟನೆ. ಮುಂದೇನು ಅಂತ ಹೇಳುವುದಿಲ್ಲ. ಓದಿ, "ಈಗ ನೀವಾಗಿದ್ದರೆ ಏನು ಮಾಡ್ತಿದ್ರಿ?" ಅನ್ನುವುದಕ್ಕೆ ಉತ್ತರ ಬರೆಯಬೇಕು. 1957ರ ಚೀಟಿ: ಪ್ರಧಾನಿ ಬಂಡಾರನಾಯಕೆ ಮತ್ತು ತಮಿಳು ನಾಯಕ ಚೆಲ್ವನಾಯಗಂ ಒಪ್ಪಂದ ಮಾಡಿಕೊಂಡರು, ಉತ್ತರ, ಪೂರ್ವದಲ್ಲಿ ಆಡಳಿತ ತಮಿಳಿನಲ್ಲೂ ನಡೆಯಬಹುದು. "ಅಬ್ಬಾ, ಸರಿಹೋಯ್ತು" ಅಂದರು. 1958ರ ಚೀಟಿ ಬಿಚ್ಚಿದರೆ, ಬೌದ್ಧ ಭಿಕ್ಕುಗಳ ಪ್ರತಿಭಟನೆಗೆ ಮಣಿದು ಪ್ರಧಾನಿ ಒಪ್ಪಂದವನ್ನೇ ಕೈಬಿಟ್ಟಿದ್ದಾರೆ. ಹಿಂದಿನ ಬೆಂಚಿನಿಂದ "ಛೇ" ಅಂತ ಕೇಳಿಸಿತು. ಬೋರ್ಡಿನಲ್ಲಿ ಈ ಎರಡು ವರ್ಷಗಳನ್ನು ನಾನು ಬರೆದೇ ಇರಲಿಲ್ಲ!

1970ರ ದಶಕದ ಚೀಟಿ ಇನ್ನೂ ಆಳಕ್ಕೆ ಹೋಯಿತು. ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ತಮಿಳು ಮೀಡಿಯಂನವರು ಸಿಂಹಳ ಮೀಡಿಯಂನವರಿಗಿಂತ ಹೆಚ್ಚು ಮಾರ್ಕ್ಸ್ ತೆಗೆಯಬೇಕಿತ್ತು. ನೀಟ್ ಕೋಚಿಂಗ್‌ಗೆ ಹೋಗುವ ಹುಡುಗಿ ಪೆನ್ನು ಕೆಳಗಿಟ್ಟು ಚೀಟಿಯನ್ನು ಎರಡು ಸಲ ಓದಿದಳು. "ಜಾಸ್ತಿ ಮಾರ್ಕ್ಸ್ ಬಂದ್ರೂ ಸೀಟಿಲ್ವಾ ಮಿಸ್?" ಆ ದಶಕದಲ್ಲಿ ಹುಡುಗರು ಯಾಕೆ ಬಂದೂಕಿನ ಗುಂಪು ಸೇರಿದರು ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ. ಸೇರಿದ್ದು ಸರಿಯಾ ಅಂತ ಅವರವರೇ ಚರ್ಚೆಗೆ ಇಳಿದರು, ಈ ಸಲ ಕೂಗಾಟ ಇಲ್ಲದೆ.

ಇದೇ ಕ್ರಮದಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಪಾಠವನ್ನೂ ಮಾಡಿದೆ. 1860ರ ಡಿಸೆಂಬರಿನಲ್ಲಿ ಒಕ್ಕೂಟ ಬಿಟ್ಟ ದಕ್ಷಿಣ ಕೆರೊಲಿನಾ ತಾನೇ ಬರೆದ ಕಾರಣಪತ್ರದ ಸಾರ ಒಂದೇ ಚೀಟಿಗೆ ಸಾಕಾಯಿತು. ಅದರಲ್ಲಿ ಗುಲಾಮಗಿರಿಯ ಮಾತೇ ಮುಖ್ಯ.

ಚೀಟಿಗೆ ಮೂರು ಪೀರಿಯಡ್ ಬೇಕು. ಪೋರ್ಷನ್ ಮುಗಿಸುವ ಒತ್ತಡದಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಪೀರಿಯಡ್ ಸಿಕ್ಕರೆ ಬೋರ್ಡನ್ನೇ ಹಿಡಿಯಿರಿ, ಆದರೆ 1957, 1958 ಬಿಡಬೇಡಿ. ಚೀಟಿ ಮಾಡುವುದಾದರೆ ಎಲ್ಲವನ್ನೂ ಒಟ್ಟಿಗೆ ಹಂಚಬೇಡಿ, ಒಂದಕ್ಕೆ ಉತ್ತರ ಬರೆದ ಮೇಲೆ ಇನ್ನೊಂದು ಕೊಡಿ. ಮೊದಲ ಸಲ ಒಟ್ಟಿಗೆ ಕೊಟ್ಟಿದ್ದೆ, ಎಲ್ಲರೂ ನೇರ 1983ಕ್ಕೆ ಹಾರಿದ್ದರು.