ಮೆಮೋರಿಯಲ್ ಡೇ ವಾರಾಂತ್ಯದ ಆರ್ಲಿಂಗ್ಟನ್: ಟ್ರಾಮ್ ಟಿಕೆಟ್ ತೆಗೆಯುವ ಮುಂಚೆ

ಅಂಕ ಮೊದಲೇ ಹೇಳಿಬಿಡುತ್ತೇವೆ. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸೈನಿಕ ಸ್ಮಶಾನಕ್ಕೆ ಐದಕ್ಕೆ ಐದು, ಅಲ್ಲಿನ ಟ್ರಾಮ್ ಪ್ರವಾಸಕ್ಕೆ ಮೂರು. ಟ್ರಾಮ್ ಕೆಟ್ಟದ್ದೇನಲ್ಲ. ಆದರೆ ಮೇ ತಿಂಗಳ ಕೊನೆಯ ಸೋಮವಾರದ ರಜೆ ಯಾರಿಗಾಗಿ ಎಂದು ತಿಳಿಯಲು ಬಂದವರಿಗೆ ಅದು ಸಾಲದು.

ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಕನ್ನಡಿಗರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬಂದಿರುವ ಹೊತ್ತು ಇದು. ಅವರನ್ನು ಕರೆದೊಯ್ಯುವ ಮುಂಚೆ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಸೇನೆಯಲ್ಲಿ ಸೇವೆ ಮಾಡಿದ ಎಲ್ಲರ ದಿನ ನವೆಂಬರ್ 11ರ ವೆಟರನ್ಸ್ ಡೇ. ಮೆಮೋರಿಯಲ್ ಡೇ ಸೇವೆಯಲ್ಲಿದ್ದಾಗಲೇ ಪ್ರಾಣ ಬಿಟ್ಟವರದ್ದು. ಅಂತರ್ಯುದ್ಧ ಮುಗಿದ ಮೂರು ವರ್ಷಕ್ಕೆ, 1868ರ ಮೇ 30ರಂದು, ಸತ್ತ ಸೈನಿಕರ ಗೋರಿಗಳಿಗೆ ಹೂವಿಡಲು ಜನ ಇದೇ ಆರ್ಲಿಂಗ್ಟನ್‌ನಲ್ಲಿ ಸೇರಿದ್ದರು. ಆಗ ಅದರ ಹೆಸರು ಡೆಕೊರೇಷನ್ ಡೇ. ಸೋಮವಾರಕ್ಕೆ ಸರಿದದ್ದು 1971ರಲ್ಲಿ. ಮೂರು ದಿನದ ರಜೆ, ಗ್ರಿಲ್ಲು, ಹಾಸಿಗೆ ಅಂಗಡಿಯ ರಿಯಾಯಿತಿ ಎಲ್ಲ ಅದಕ್ಕೆ ಅಂಟಿಕೊಂಡವು. ಪಕ್ಕದ ಮನೆಯ ನಿವೃತ್ತ ಸೈನಿಕರಿಗೆ ಅಂದು "ಹ್ಯಾಪಿ ಮೆಮೋರಿಯಲ್ ಡೇ" ಅನ್ನದಿದ್ದರೆ ಒಳ್ಳೆಯದು.

ಮೆಟ್ರೋ ಬ್ಲೂ ಲೈನ್‌ನಲ್ಲಿ ಆರ್ಲಿಂಗ್ಟನ್ ಸೆಮೆಟರಿ ನಿಲ್ದಾಣಕ್ಕೆ ಇಳಿದರೆ ವೆಲ್‌ಕಮ್ ಸೆಂಟರ್ ನಡೆದು ಹೋಗುವಷ್ಟು ಹತ್ತಿರ. ಪ್ರವೇಶ ಉಚಿತ, ಪಾರ್ಕಿಂಗ್‌ಗೆ ಮತ್ತು ಟ್ರಾಮ್‌ಗೆ ಹಣ. ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ. ಒಳಗೆ ಹೋಗಲು ವಿಮಾನ ನಿಲ್ದಾಣದಂಥದ್ದೇ ತಪಾಸಣೆ; ದೊಡ್ಡವರು ಗುರುತಿನ ಚೀಟಿ ಇಟ್ಟುಕೊಂಡಿರಬೇಕು, ಅಂದರೆ ಊರಿಂದ ಬಂದವರ ಪಾಸ್‌ಪೋರ್ಟ್. ನೀರಿನ ಬಾಟಲಿ ಒಯ್ಯಬಹುದು. ಪುಳಿಯೋಗರೆ ಡಬ್ಬಿ ಕಾರಿನಲ್ಲೇ ಇರಲಿ, ಒಳಗೆ ಕೂತು ತಿನ್ನುವಂತಿಲ್ಲ.

ಟ್ರಾಮ್ ಮುಖ್ಯವಾಗಿ ಕೆನಡಿ ಸಮಾಧಿ, ಅಜ್ಞಾತ ಯೋಧನ ಸಮಾಧಿ ಮತ್ತು ಗುಡ್ಡದ ಮೇಲಿನ ಆರ್ಲಿಂಗ್ಟನ್ ಹೌಸ್ ಎಂಬ ಹಳೆಯ ಬಂಗಲೆ ತೋರಿಸುತ್ತದೆ. ಮಂಡಿ ನೋವಿದ್ದವರಿಗೆ ಅದು ಬೇಕೇ ಬೇಕು, ಏಕೆಂದರೆ ಈ ಮೂರೂ ಏರಿನ ದಾರಿಯಲ್ಲಿವೆ. ನಡೆಯಬಲ್ಲವರು ಮೊದಲು ಹೋಗಬೇಕಾದದ್ದು ಸೆಕ್ಷನ್ 60ಕ್ಕೆ. ವೆಲ್‌ಕಮ್ ಸೆಂಟರ್ ದಾಟಿ ಎಡಕ್ಕೆ ತಿರುಗಿ ಐಸೆನ್‌ಹೋವರ್ ಡ್ರೈವ್ ಹಿಡಿದರೆ ಹದಿನೈದು ಇಪ್ಪತ್ತು ನಿಮಿಷ, ಹೆಚ್ಚೂಕಡಿಮೆ ಸಮತಟ್ಟು. ಎಎನ್‌ಸಿ ಎಕ್ಸ್‌ಪ್ಲೋರರ್ ಆ್ಯಪ್‌ನಲ್ಲಿ ಹೆಸರು ಹಾಕಿದರೆ ಆಯಾ ಗೋರಿಯ ಜಾಗವನ್ನೇ ತೋರಿಸುತ್ತದೆ.

ಇರಾಕ್, ಅಫ್ಘಾನಿಸ್ತಾನಗಳಲ್ಲಿ ಸತ್ತ ಅನೇಕರು ಸೆಕ್ಷನ್ 60ರಲ್ಲಿದ್ದಾರೆ. ಆದರೆ ಇಲ್ಲಿರುವ ಎಲ್ಲರೂ ಯುದ್ಧದಲ್ಲಿ ಸತ್ತವರಲ್ಲ. ಆರ್ಲಿಂಗ್ಟನ್‌ನಲ್ಲಿ ಸುಮಾರು 4 ಲಕ್ಷ ಜನ ಮಣ್ಣಾಗಿದ್ದಾರೆ. ನಿವೃತ್ತರಾಗಿ ಮುಪ್ಪಿನಲ್ಲಿ ತೀರಿಕೊಂಡವರು, ಅವರ ಗಂಡ ಹೆಂಡಂದಿರು ಬಹಳ. ಸೆಕ್ಷನ್ 60ರ ಕಲ್ಲುಗಳೆಲ್ಲ ಒಂದೇ ಬಗೆ: 42 ಇಂಚು ಉದ್ದ, 13 ಇಂಚು ಅಗಲ, 4 ಇಂಚು ದಪ್ಪದ ಬಿಳಿ ಅಮೃತಶಿಲೆ, ಅದರಲ್ಲೂ ಒಂದು ಭಾಗ ಮಣ್ಣೊಳಗೆ. ನಮ್ಮ ವೀರಗಲ್ಲಿನ ಮೊದಲ ಪಟ್ಟಿಕೆ ನೋಡಿದರೆ ಸಾಕು, ವೀರ ಹೇಗೆ ಸತ್ತನೆಂದು ಗೊತ್ತಾಗುತ್ತದೆ. ಈ ಕಲ್ಲು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಓದಿ ತೆಗೆಯಬೇಕು. ಹುಟ್ಟು ಸಾವುಗಳ ಇಸವಿ ಕಳೆಯಿರಿ. ಕೆಳಗೆ ಯಾವ ಯುದ್ಧ ಎಂದಿದೆ ನೋಡಿ. ಪರ್ಪಲ್ ಹಾರ್ಟ್ ಎಂದಷ್ಟೇ ಇದ್ದರೆ ಸಾಲದು, ಯುದ್ಧದಲ್ಲಿ ಸತ್ತವರಿಗಷ್ಟೇ ಅಲ್ಲ, ಗಾಯಗೊಂಡು ಬದುಕಿದವರಿಗೂ ಆ ಪದಕ ಉಂಟು. 21, 23 ವಯಸ್ಸು, ಯುದ್ಧ ನಡೆಯುತ್ತಿದ್ದ ವರ್ಷದ್ದೇ ಸಾವು, ಜೊತೆಗೆ ಪರ್ಪಲ್ ಹಾರ್ಟ್: ಮೂರೂ ಕೂಡಿದರೆ ಈ ರಜೆ ಬಹುಪಾಲು ಆ ಕಲ್ಲಿನ ಕೆಳಗಿರುವವರದ್ದು. ಕಲ್ಲಿನ ಬೆನ್ನ ಮೇಲೂ ಒಮ್ಮೊಮ್ಮೆ ಹೆಂಡತಿಯ ಅಥವಾ ಗಂಡನ ಹೆಸರಿರುತ್ತದೆ. ತಲೆಯ ಮೇಲೆ ಶಿಲುಬೆ, ದಾವೀದನ ನಕ್ಷತ್ರ, ಅರ್ಧಚಂದ್ರಗಳಂಥ ಧರ್ಮಚಿಹ್ನೆ. ಸರಕಾರದ ಪಟ್ಟಿಯಲ್ಲಿ ಓಂಕಾರವೂ ಇದೆ.

ಪ್ರತಿ ಕಲ್ಲಿನ ಮುಂದೆ ಒಂದು ಸಣ್ಣ ಬಾವುಟ. ಓಲ್ಡ್ ಗಾರ್ಡ್ ಎಂದು ಕರೆಯುವ 3ನೇ ಪದಾತಿ ರೆಜಿಮೆಂಟಿನವರೂ ಜೊತೆಗಿರುವ ಇತರರೂ ಮೆಮೋರಿಯಲ್ ಡೇಗೆ ಹಿಂದಿನ ಗುರುವಾರ ನೆಡುತ್ತಾರೆ. ಸಾವಿರಕ್ಕೂ ಹೆಚ್ಚು ಸೈನಿಕರು, 2.6 ಲಕ್ಷದಷ್ಟು ಬಾವುಟ, ಸುಮಾರು ನಾಲ್ಕು ಗಂಟೆಯ ಕೆಲಸ. ಅಂತರಕ್ಕೆ ಅಳತೆಪಟ್ಟಿ ಇಲ್ಲ, ಬೂಟನ್ನು ಕಲ್ಲಿಗೆ ತಾಗಿಸಿ ಅದರ ತುದಿಗೆ ಕಡ್ಡಿ ಚುಚ್ಚುವುದು. ಮಕ್ಕಳು ನೆನಪಿಗೆಂದು ಕೀಳದಂತೆ ನೋಡಿಕೊಳ್ಳಿ. ಬಿಡಿ ಹೂವು ಇಡಬಹುದು. ದೀಪ, ಊದುಬತ್ತಿ, ಗಾಜಿನ ಪಾತ್ರೆ ಬೇಡ. ಗೋರಿಯ ಪಕ್ಕ ಮಡಚುಕುರ್ಚಿ ಹಾಕಿ ಕೂತ ಮನೆಯವರನ್ನು ಕಂಡರೆ ಕ್ಯಾಮೆರಾ ಕೆಳಗಿಳಿಸಿ ಬೇರೆ ಸಾಲಿಗೆ ಹೋಗಿ.

ಅಜ್ಞಾತ ಯೋಧನ ಸಮಾಧಿ ಆಮೇಲೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಗಂಟೆಗೊಮ್ಮೆ ಕಾವಲು ಬದಲಾಗುತ್ತದೆ. ಕಾವಲುಗಾರನದು 21 ಹೆಜ್ಜೆ, 21 ಸೆಕೆಂಡ್ ನಿಲುವು, ತಿರುಗಿ ಮತ್ತೆ 21. ಬಂದೂಕು ಯಾವಾಗಲೂ ಪ್ರೇಕ್ಷಕರ ಕಡೆಯ ಹೆಗಲ ಮೇಲೆ. ವಿಯೆಟ್ನಾಂ ಯುದ್ಧದ ಅಜ್ಞಾತ ಯೋಧನ ಕೋಣೆ ಖಾಲಿ ಇದೆ, ಅಲ್ಲಿದ್ದವನ ಗುರುತು 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಸಿಕ್ಕಿತು. ಬದಲಾವಣೆ ನಡೆಯುವಾಗ ಎದ್ದು ನಿಲ್ಲಬೇಕು, ಮಾತಾಡಬಾರದು. ಕಂಬಿ ದಾಟಿದರೆ, ಜೋರಾಗಿ ನಕ್ಕರೆ ಕಾವಲುಗಾರ ನಿಂತು ಗದರುವುದುಂಟು, ಅದೇನು ನಾಟಕವಲ್ಲ.

ಸೋಮವಾರವೇ ಹೋಗಬೇಕೇ? ಬಯಲು ಸಭಾಂಗಣದ ಸಮಾರಂಭ ನೋಡುವ ಆಸೆಯಿದ್ದರೆ ಹೋಗಿ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ರಾಷ್ಟ್ರಾಧ್ಯಕ್ಷರು ಬರುವ ದಿನ ತಪಾಸಣೆಯ ಸಾಲು ಬೆಳೆಯುತ್ತಲೇ ಹೋಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಶುಕ್ರವಾರ ಬೆಳಿಗ್ಗೆ ವಾಸಿ: ಬಾವುಟ ಅಷ್ಟೂ ನೆಟ್ಟಾಗಿರುತ್ತದೆ, ಜನ ಕಡಿಮೆ. ಭಾನುವಾರ ಬೈಕ್ ಮೆರವಣಿಗೆಗೆ ವಾಷಿಂಗ್ಟನ್ ರಸ್ತೆಗಳು ಕಟ್ಟಿಕೊಳ್ಳುತ್ತವೆ, ಕಾರು ತರಲೇಬೇಡಿ. ಇನ್ನು ಮನೆಯಲ್ಲಿ ಬಾವುಟ ಹಾರಿಸುವವರು ಸೋಮವಾರ ಅದನ್ನು ಮಧ್ಯಾಹ್ನ 12ರವರೆಗೆ ಅರ್ಧಕ್ಕೆ ಇಳಿಸಿ, ಆಮೇಲೆ ತುದಿಗೇರಿಸಬೇಕು. 3 ಗಂಟೆಗೆ ದೇಶದಾದ್ಯಂತ ಒಂದು ನಿಮಿಷದ ಮೌನ. ಗ್ರಿಲ್ ಹಚ್ಚುವುದು ಅದಾದ ಮೇಲೆ ಇಟ್ಟುಕೊಳ್ಳಿ.