‘ಅರಮನೆ ಇನ್ನೂ ತೆಗೆದಿಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ

ಮೈಸೂರಿಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೊರಟಿದ್ದೀರಾ? ಹಾಗಾದರೆ ಇದನ್ನೊಂದು ಓದಿಕೊಳ್ಳಿ. ಮಗು ಜಾಸ್ತಿ ಮಾತಾಡುವಂಥದ್ದಾದರೆ ಖಂಡಿತ ಓದಿ.

ನಮ್ಮವಳಿಗೆ ಇನ್ನೂ ಮೂರು ತುಂಬಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಬಿಡುವಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಹೋಗುವಾಗ ಮದ್ದೂರು ಬರುವಷ್ಟರಲ್ಲೇ ಇಡೀ ಬೋಗಿಗೆ ನಮ್ಮ ಮನೆ ಸಮಾಚಾರ ಗೊತ್ತಾಗಿತ್ತು.

ಮೈಸೂರಿನಲ್ಲಿ ನಾವು ಇಳಿದದ್ದು ಅರಮನೆಯ ಪೂರ್ವದ ಕಡೆ, ಜಯಮಾರ್ತಾಂಡ ದ್ವಾರದ ಎದುರು. ದೊಡ್ಡ ಬಾಗಿಲು, ಮುಚ್ಚಿತ್ತು. ಅದು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, ನಮ್ಮಂಥವರು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಇದು ಗೊತ್ತಿಲ್ಲದವರಿಗಾಗಿಯೇ ಅಲ್ಲಿ ಕೆಲವರು ಕಾಯುತ್ತಿರುತ್ತಾರೆ.

ನಮಗೆ ಸಿಕ್ಕಿದ ಆಟೋದವನು ಮೊದಲು ನಮ್ಮನ್ನು ಮಾತಾಡಿಸಲೇ ಇಲ್ಲ. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಎಲ್ಲಿಗೆ ಹೊರಟೆ ಪುಟ್ಟಿ?" ಅಂದ. ಅಷ್ಟು ಸಾಕಾಯಿತು. "ಲಾಜನ ಮನೆ ನೋಡಿ ಆಮೇಲೆ ಜಿಲಾಫೆ ನೋಡ್ತೀವಿ. ಅಜ್ಜಿಗೆ ಮಂಡಿ ನೋವು. ಅಪ್ಪ ಅಜ್ಜಿಗೆ ಸೀರೆ ಕೊಡಿಸ್ತಾನೆ." ಅವನು ನಗುತ್ತಾ ಎದ್ದು ಮುಚ್ಚಿದ ಬಾಗಿಲು ತೋರಿಸಿದ. "ಒಳಗೆ ಪೂಜೆ ನಡೀತಿದೆ ಸಾರ್. ಹನ್ನೆರಡರ ಮೇಲೇನೇ ಬಿಡೋದು. ಐವತ್ತು ರೂಪಾಯಿ ಕೊಡಿ, ಅಲ್ಲೀತಂಕ ಊರು ತೋರಿಸಿಕೊಂಡು ಬರ್ತೀನಿ."

ಊರು ಅಂದರೆ ಒಂದು ಸರ್ಕಲ್ಲು, ಎರಡು ಗಲ್ಲಿ, ಆಮೇಲೆ ಗಂಧದೆಣ್ಣೆ ಅಂಗಡಿ. ನಾವು ಆಟೋ ಇಳಿಯುವ ಮೊದಲೇ ಅವನು ಒಳಗೆ ಹೋಗಿ ಬಂದ. ನಮ್ಮತ್ತೆ ಇನ್ನೂ ಚಪ್ಪಲಿ ಬಿಡುತ್ತಿದ್ದರು, ಅಂಗಡಿಯವನು "ಬನ್ನಿ ಅಮ್ಮಾ, ಮಂಡಿ ನೋವಲ್ವಾ? ಮೆಟ್ಟಿಲು ಹತ್ತೋಕೆ ಕಷ್ಟ ಅಲ್ವಾ?" ಅಂದ. ಅತ್ತೆ ಕಣ್ಣರಳಿಸಿ ನನ್ನ ಮುಖ ನೋಡಿದರು. ನೋಡಿದ ತಕ್ಷಣ ಕಾಯಿಲೆ ಹೇಳಿಬಿಟ್ಟನಲ್ಲಾ! ಕಿರುಬೆರಳುದ್ದದ ಬಾಟಲಿ. ಅವರ ಅಂಗೈ ಹಿಂಭಾಗಕ್ಕೆ ಒಂದು ತೊಟ್ಟು ಉಜ್ಜಿ, "ಸರ್ಕಾರಿ ಕಾರ್ಖಾನೆ ಮಾಲು, 1,500 ರೂಪಾಯಿ, ನಿಮಗೆ ಅಂತ 1,200" ಅಂದ. ನನ್ನ ಗಂಡ ಅಷ್ಟು ಕ್ಯಾಶ್ ಇಲ್ಲ ಅಂತ ಜಾರಿಕೊಳ್ಳಲು ನೋಡಿದರು. ಕೌಂಟರ್ ಮೇಲೆ ಕೂತು ಚಾಕಲೇಟ್ ಚೀಪುತ್ತಿದ್ದ ಮಗಳು, "ಇದ್ಯಲ್ಲಪ್ಪಾ, ಚೀಲ್ದಲ್ಲಿದೆ" ಅಂದಳು.

ಕೊಂಡಿದ್ದಾಯಿತು. ಅಲ್ಲಿಂದ ಮಹಡಿ ಮೇಲಿನ ಸೀರೆ ಅಂಗಡಿಗೆ ಹತ್ತಿಸಲು ಹೊರಟಾಗ ಗಂಡನಿಗೆ ರೇಗಿತು. ಹೊರಗೆ ಬಂದು ಬೇರೆ ಆಟೋ ಹಿಡಿದೆವು. ಆತ ಮೀಟರ್ ಹಾಕಿಯೇ ಕರೆದುಕೊಂಡು ಹೋದ, ಎಲ್ಲರೂ ಅಂಥವರೇ ಅಂತ ನಾನು ಹೇಳುತ್ತಿಲ್ಲ. ಟಿಕೆಟ್ ಕೌಂಟರಿನಲ್ಲಿ ವಿಚಾರಿಸಿದರೆ, ಅರಮನೆ ಎಂದಿನಂತೆ ಹತ್ತು ಗಂಟೆಗೇ ತೆಗೆದಿತ್ತು!

ಆ ಎಣ್ಣೆಯ ವಾಸನೆ ಸಂಜೆಯೊಳಗೆ ಮಾಯ. ಅಸಲಿ ಗಂಧದೆಣ್ಣೆ ಬಟ್ಟೆಗೆ ತಾಗಿದರೆ ದಿನಗಟ್ಟಲೆ ಹೋಗುವುದಿಲ್ಲ. ಅದರ ಬೆಲೆಯೂ ಗ್ರಾಂಗೆ ನೂರಾರು ರೂಪಾಯಿ, ಗಲ್ಲಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಳ್ಳುವ ಮಾಲಲ್ಲ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಇದೆ, ಬೇಕಿದ್ದರೆ ಅದರದೇ ಮಳಿಗೆಯಲ್ಲಿ ತಗೊಳ್ಳಿ. ಮೈಸೂರು ಸಿಲ್ಕ್ ಸೀರೆಯೂ ಹಾಗೇ. ಸರ್ಕಾರಿ ರೇಷ್ಮೆ ನಿಗಮದ (ಕೆಎಸ್‌ಐಸಿ) ಸೀರೆಗಳ ಮೇಲೆ ಒಂದೊಂದಕ್ಕೂ ಬೇರೆ ನಂಬರ್ ನೇಯ್ದಿರುತ್ತದೆ. ಅದನ್ನು ನೋಡದೆ ದುಡ್ಡು ಕೊಡಬೇಡಿ.

ನನಗೆ 1,200 ರೂಪಾಯಿಗಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಈ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಹೋದರೆ ದಿನವಿಡೀ ಸುತ್ತಲು ಆಗುವುದಿಲ್ಲ. ಊಟಕ್ಕೆ ಮೊದಲಿನ ಎರಡು ಮೂರು ಗಂಟೆ, ಅಷ್ಟೇ. ಆ ಹೊತ್ತು ಅಂಗಡಿಯಲ್ಲಿ ಕಳೆಯಿತು. ಝೂ ಒಳಗೆ ಹೋಗುವಷ್ಟರಲ್ಲಿ ಅವಳು ಅಪ್ಪನ ಹೆಗಲ ಮೇಲೆ ನಿದ್ದೆ. ಜಿರಾಫೆ ಎದುರಿಗೆ ನಿಂತು ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಎದ್ದ ಮೇಲೆ "ಜಿಲಾಫೆ ಎಲ್ಲಿ?" ಅಂತ ಶುರು ಮಾಡಿದವಳು ರಾಮನಗರದ ತನಕ ಬಿಡಲಿಲ್ಲ.

ಅತ್ತೆ ಈಗ ಮಗುವಿಗೆ "ಯಾರ ಹತ್ರಾನೂ ಮಾತಾಡಬೇಡ" ಅಂತ ಕಲಿಸುತ್ತಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಬಾಯಿ ಬಿಟ್ಟು ಹೇಳುವ ಮಗುವೇ ಬೇಗ ಸಿಗುವುದು. ಅದಕ್ಕೇ ಅಪ್ಪ ಅಮ್ಮನ ಪೂರ್ತಿ ಹೆಸರು, ಫೋನ್ ನಂಬರ್ ಹಾಡಿನ ಹಾಗೆ ಹೇಳಿಕೊಡುತ್ತಿದ್ದೇನೆ. ಮಗುವನ್ನು ನೋಡಿ ನಕ್ಕು ಕೈ ಬೀಸುವವರು ಬೇಕಾದಷ್ಟು ಜನ ಇರುತ್ತಾರೆ, ಅವರಿಂದ ತೊಂದರೆಯಿಲ್ಲ. ಎಲ್ಲಿಗೆ ಹೊರಟಿರಿ, ಎಲ್ಲಿ ಇಳಿದುಕೊಂಡಿದ್ದೀರಿ ಅಂತ ಮಗುವನ್ನು ಕೇಳಿದರೆ ಮಾತ್ರ ನೀವೇ ಮಧ್ಯೆ ಬಾಯಿ ಹಾಕಿ. "ನಾವು ಇದೇ ಊರಿನವರು" ಅಂದುಬಿಡಿ, ಸುಮ್ನೆ ಹೋಗುತ್ತಾರೆ. ನಿಮ್ಮ ಮಗು "ಅಲ್ಲ, ಬೆಂಗಳೂರು!" ಅಂತ ಕೂಗದಿದ್ದರೆ.

ಇನ್ನೊಂದು. ಮೈಸೂರು ಅರಮನೆಗೆ ವಾರದ ರಜೆ ಇಲ್ಲ, ಬೆಳಿಗ್ಗೆ 10ರಿಂದ ಸಂಜೆ 5.30ರ ತನಕ ತೆಗೆದಿರುತ್ತದೆ. ಮಂಗಳವಾರ ರಜೆ ಇರುವುದು ಝೂಗೆ. ಬಾಗಿಲು ಮುಚ್ಚಿದೆ ಅಂತ ಯಾರೇ ಹೇಳಲಿ, ವರಾಹ ದ್ವಾರದ ತನಕ ನಡೆದುಹೋಗಿ ಕೌಂಟರಿನಲ್ಲೇ ಕೇಳಿ.